ದೇಹ ದೇವನಹಳ್ಳಿಗೆ ಬಂತು, ಕಾಗದ ಇನ್ನೂ ಬಂದಿಲ್ಲ

ಪರದೇಶಕ್ಕೆ ಹೋಗುವವರಿಗೆ ಹಾಸನದಲ್ಲಿ ಒಂದು ಕಿಟಕಿ ಇದೆ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆದ ಮೇಲೆ ಹೊಳೆನರಸೀಪುರದವರಾಗಲಿ, ಅರಕಲಗೂಡಿನವರಾಗಲಿ, ಚನ್ನರಾಯಪಟ್ಟಣದವರಾಗಲಿ ಪಾಸ್‌ಪೋರ್ಟಿಗೆಂದು ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ. ಎಂಜಿನಿಯರಿಂಗ್ ಮುಗಿಸಿ ಅಮೆರಿಕ, ಜರ್ಮನಿಗೆ ಹೊರಟವರು, ನರ್ಸಿಂಗ್ ಓದಿ ಬ್ರಿಟನ್ನಿಗೋ ಕೊಲ್ಲಿಗೋ ಹೊರಟವರು, ಡ್ರೈವರ್, ಬಡಗಿ, ಅಡುಗೆ ಕೆಲಸಕ್ಕೆ ಹೊರಟವರು, ಮಗಳ ಬಾಣಂತನಕ್ಕೆಂದು ಆರು ತಿಂಗಳ ಮಟ್ಟಿಗೆ ಹೊರಟ ತಾಯಂದಿರು, ಎಲ್ಲರಿಗೂ ಅದು ಹತ್ತಿರದ ಬಾಗಿಲು. ನಮ್ಮ ಜಿಲ್ಲೆಯ ಹೊರಹೋಗುವಿಕೆ ಎಂದರೆ ಬರೀ ಸಾಫ್ಟ್‌ವೇರ್ ಸಂಬಳ ಎಂದುಕೊಂಡವರು ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಕುಟುಂಬಗಳನ್ನು ನೆನೆಯಬೇಕು. ಗಿಡಮೂಲಿಕೆಯ ಎಣ್ಣೆ ಮಾರುತ್ತಾ ಆಫ್ರಿಕಾದ ದೇಶಗಳನ್ನು ಸುತ್ತುವ ಸಮುದಾಯ ಅದು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಹತ್ತಿದಾಗ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಕೊಂಡಿದ್ದೂ, 'ಆಪರೇಷನ್ ಕಾವೇರಿ'ಯಲ್ಲಿ ಹಿಂದಿರುಗಿದ್ದೂ ಎಲ್ಲರಿಗೂ ಗೊತ್ತು. ಹೀಗೆ ಹೋದವರಲ್ಲಿ ಒಬ್ಬರು ಅಲ್ಲೇ ತೀರಿಕೊಂಡರೆ ಮನೆಯವರು ಹೋಗಿ ನಿಲ್ಲಬೇಕಾದ ಕಿಟಕಿ ಯಾವುದು? ಜಿಲ್ಲೆಯಲ್ಲಿ ಅಂಥದ್ದೊಂದು ಇಲ್ಲ. ಇರಬೇಕು ಎಂಬುದು ನನ್ನ ವಾದ. ಅದಕ್ಕೆ ಹೊಸ ಕಾಯ್ದೆಯಾಗಲಿ ದೊಡ್ಡ ಅನುದಾನವಾಗಲಿ ಬೇಡ ಎಂಬುದನ್ನೂ ಇಲ್ಲಿ ತೋರಿಸಬೇಕಾಗಿದೆ.

ಸಾವಿನ ಸುದ್ದಿ ಸಾಮಾನ್ಯವಾಗಿ ಜೊತೆಯಲ್ಲಿದ್ದವರ ಫೋನಿನಲ್ಲಿ ಬರುತ್ತದೆ. ಆ ಹೊತ್ತಿನಿಂದ ಕಾಗದಗಳ ಸರಣಿ ಶುರು. ಆ ದೇಶದ ಆಸ್ಪತ್ರೆಯ ವರದಿ, ಪೊಲೀಸರ ಅನುಮತಿ, ಅಲ್ಲಿನ ಸರ್ಕಾರ ಕೊಡುವ ಮರಣ ಪ್ರಮಾಣಪತ್ರ, ದೇಹ ಕೆಡದಂತೆ ಮದ್ದು ತುಂಬಿದ್ದಕ್ಕೆ ಪ್ರಮಾಣಪತ್ರ, ಭಾರತೀಯ ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ರದ್ದುಗೊಳಿಸಿದ ಪಾಸ್‌ಪೋರ್ಟ್. ಇಂಗ್ಲೆಂಡಿನಲ್ಲಾದರೆ ಕರೋನರ್ ಎಂಬ ಅಧಿಕಾರಿಯ ಅಪ್ಪಣೆಯಿಲ್ಲದೆ ದೇಹ ದೇಶದಾಚೆ ಹೋಗುವಂತಿಲ್ಲ. ಸೌದಿ ಅರೇಬಿಯಾದಲ್ಲಿ ಶವದಹನಕ್ಕೆ ಅವಕಾಶವೇ ಇಲ್ಲ. ಸುಡುವ ಸಂಪ್ರದಾಯದ ಮನೆಯವರು ಒಂದೋ ದೇಹವನ್ನು ತರಿಸಿಕೊಳ್ಳಬೇಕು, ಇಲ್ಲವೇ ಅಲ್ಲೇ ಹೂಳಲು ಒಪ್ಪಬೇಕು. ಯಾವುದಕ್ಕಾದರೂ ವಾರಸುದಾರರ ಒಪ್ಪಿಗೆ ಪತ್ರ, ಅಲ್ಲಿರುವ ಒಬ್ಬರ ಹೆಸರಿಗೆ ಪವರ್ ಆಫ್ ಅಟಾರ್ನಿ ಬೇಕು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಆ ಒಪ್ಪಿಗೆ ಪತ್ರ ರಿಯಾದಿನಲ್ಲಿ ಹುಟ್ಟುವುದಿಲ್ಲ. ಕೊಣನೂರಿನಲ್ಲೋ ಹಳ್ಳಿಮೈಸೂರಿನಲ್ಲೋ ಹುಟ್ಟಬೇಕು. ವಾರಸುದಾರರು ಯಾರೆಂದು ಹೇಳುವ ಜೀವಂತ ಸದಸ್ಯರ ದೃಢೀಕರಣ ಪತ್ರ ನಾಡಕಚೇರಿಯದು. ನೋಟರಿಯ ಸಹಿ ತಾಲ್ಲೂಕು ಕೇಂದ್ರದ ಕೋರ್ಟಿನ ಮುಂದಿನದು. ಆಮೇಲೆ ರಾಜ್ಯ ಸರ್ಕಾರದ ದೃಢೀಕರಣ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. ಒಂದು ಹೆಸರಿನ ಕಾಗುಣಿತ ಪಾಸ್‌ಪೋರ್ಟಿನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೂ ಕಾಗದ ಹಿಂದಕ್ಕೆ ಬರುತ್ತದೆ. ಅಷ್ಟು ದಿನವೂ ದೇಹ ಅಲ್ಲಿನ ಶವಾಗಾರದ ತಣ್ಣನೆ ಪೆಟ್ಟಿಗೆಯಲ್ಲಿ, ಇಲ್ಲಿ ಮನೆಯಲ್ಲಿ ಒಲೆ ಹಚ್ಚದ ತಾಯಿ. ಪರದೇಶದ ಸಾವಿನ ವಿಧಿವಿಧಾನ ದೆಹಲಿಯ ಕೆಲಸ ಎನ್ನುವವರು ಈ ಮೊದಲ ಕೊಂಡಿಯನ್ನೇ ನೋಡಿಲ್ಲ.

ದೊಡ್ಡ ದುರಂತಗಳಲ್ಲಿ ಸರ್ಕಾರ ಚುರುಕಾಗಿದ್ದನ್ನು ನಾವು ಕಂಡಿದ್ದೇವೆ. 2019ರ ಏಪ್ರಿಲ್ 21ರಂದು ಕೊಲಂಬೊದ ಹೋಟೆಲಿನಲ್ಲಿ ಬಾಂಬ್ ಸಿಡಿದಾಗ ಮತದಾನ ಮುಗಿಸಿ ಪ್ರವಾಸಕ್ಕೆ ಹೋಗಿದ್ದ ನೆಲಮಂಗಲ ಭಾಗದ ರಾಜಕೀಯ ಕಾರ್ಯಕರ್ತರು ಸತ್ತರು. ಮುಖ್ಯಮಂತ್ರಿ ಕಚೇರಿಯೇ ಕೆಲಸಕ್ಕೆ ನಿಂತು ಕೆಲವೇ ದಿನಗಳಲ್ಲಿ ದೇಹಗಳು ಬೆಂಗಳೂರಿಗೆ ಬಂದವು. 2022ರ ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದರು. ಯುದ್ಧದ ನಡುವಿನಿಂದ ಅವರ ದೇಹ ಮಾರ್ಚ್ 21ಕ್ಕೆ ಬೆಂಗಳೂರು ತಲುಪಿತು, ಮುಖ್ಯಮಂತ್ರಿಯೇ ನಿಲ್ದಾಣಕ್ಕೆ ಹೋಗಿದ್ದರು. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದಾಗ ವಾಯುಪಡೆಯ ವಿಮಾನ 45 ಭಾರತೀಯರ ದೇಹಗಳನ್ನು ಎರಡೇ ದಿನದಲ್ಲಿ ಕೊಚ್ಚಿಗೆ ತಂದಿತು. ಅವರಲ್ಲಿ ಕಲಬುರಗಿ ಜಿಲ್ಲೆಯವರೊಬ್ಬರಿದ್ದರು. ಮನಸ್ಸಿದ್ದರೆ ಆಗುತ್ತದೆ ಎನ್ನುವುದಕ್ಕೆ ಈ ಮೂರೂ ಸಾಕ್ಷಿ. ಆದರೆ ಪರದೇಶದ ಸಾವುಗಳಲ್ಲಿ ಬಹುಪಾಲು ಟೀವಿಗೆ ಬರುವಂಥವಲ್ಲ. ನಿದ್ದೆಯಲ್ಲಿ ಎದೆ ನಿಂತ ಕಾರ್ಮಿಕ, ಹೆದ್ದಾರಿ ಅಪಘಾತ, ಕೆಲಸದ ಕಟ್ಟಡದಿಂದ ಬಿದ್ದವನು. ಮಾಹಿತಿ ಹಕ್ಕು ಮತ್ತು ಸಂಸತ್ತಿನ ಉತ್ತರಗಳಿಂದ ಕಾಮನ್‌ವೆಲ್ತ್ ಮಾನವ ಹಕ್ಕುಗಳ ಸಂಸ್ಥೆ ಕಲೆಹಾಕಿದ ಲೆಕ್ಕದಂತೆ 2012ರಿಂದ 2018ರ ಮಧ್ಯದವರೆಗೆ ಆರು ಕೊಲ್ಲಿ ದೇಶಗಳಲ್ಲಿ ಸತ್ತ ಭಾರತೀಯ ಕಾರ್ಮಿಕರು ಕನಿಷ್ಠ 24,570. ದಿನಕ್ಕೆ ಹತ್ತಕ್ಕೂ ಹೆಚ್ಚು. ಅವರಲ್ಲಿ ಎಷ್ಟು ಜನರ ಮನೆಗೆ ಮಂತ್ರಿಯೊಬ್ಬರ ಫೋನು ಹೋಗಿದ್ದೀತು? ಪರಿಚಯದ ಶಾಸಕರು, ಅಲ್ಲಿನ ಕನ್ನಡ ಸಂಘದ ಯಾರೋ ಪುಣ್ಯಾತ್ಮರು ಇವರನ್ನು ನಂಬಿಕೊಂಡೇ ಈ ಕೆಲಸ ಇದುವರೆಗೆ ನಡೆದುಕೊಂಡು ಬಂದಿದೆ. ಆ ಪುಣ್ಯಾತ್ಮರಿಗೆ ಕೈಮುಗಿಯಬೇಕು. ಆದರೆ ಹಕ್ಕಿನಿಂದ ಸಿಗಬೇಕಾದ್ದು ಪುಣ್ಯದಿಂದ ಸಿಗುವ ಸ್ಥಿತಿ ಒಳ್ಳೆಯದಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ದೇಹ ತರುವ ಅರ್ಧದಲ್ಲಿ ಕೇಂದ್ರ ಸರ್ಕಾರ ಕೆಲವು ಒಳ್ಳೆಯ ವ್ಯವಸ್ಥೆಗಳನ್ನು ಮಾಡಿದೆ. ದೂರು ಕೊಡಲು 2015ರಿಂದ 'ಮದದ್' ಜಾಲತಾಣವಿದೆ. ಖರ್ಚು ಭರಿಸಲಾಗದವರಿಗೆ, ಕೆಲಸ ಕೊಟ್ಟವರೂ ವಿಮೆಯವರೂ ಕೈಬಿಟ್ಟಾಗ, 2009ರಲ್ಲಿ ಸ್ಥಾಪನೆಯಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ದೇಹ ಕಳುಹಿಸಲು ರಾಯಭಾರ ಕಚೇರಿಗಳಿಗೆ ಅಧಿಕಾರವಿದೆ. 2023ರಲ್ಲಿ ಬಂದ 'ಇ-ಕೇರ್' ಜಾಲತಾಣದಲ್ಲಿ ಮರಣ ಪ್ರಮಾಣಪತ್ರ, ದೇಹ ಸಂರಕ್ಷಣೆಯ ಪ್ರಮಾಣಪತ್ರ, ನಿರಾಕ್ಷೇಪಣಾ ಪತ್ರ, ರದ್ದಾದ ಪಾಸ್‌ಪೋರ್ಟಿನ ಪ್ರತಿ ಹಾಕಿದರೆ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳು ಮೊದಲೇ ಅನುಮತಿ ಕೊಡುತ್ತಾರೆ. ತೂಕ ನೋಡಿ ದರ ಹಾಕುತ್ತಿದ್ದ ಏರ್ ಇಂಡಿಯಾ, ಜನ ಆಕ್ಷೇಪಿಸಿದ ಮೇಲೆ, 2019ರ ಆರಂಭದಲ್ಲಿ ಸಂಯುಕ್ತ ಅರಬ್ ಸಂಸ್ಥಾನದಿಂದ ದೊಡ್ಡವರಿಗೆ 1,500 ದಿರ್ಹಮ್, ಹನ್ನೆರಡರೊಳಗಿನ ಮಕ್ಕಳಿಗೆ 750 ಎಂದು ಒಂದೇ ದರ ಗೊತ್ತುಮಾಡಿತು. ಇಷ್ಟೆಲ್ಲ ಆಗಿ ಪೆಟ್ಟಿಗೆ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬರುತ್ತದೆ. ಅಲ್ಲಿಂದ ಹಾಸನಕ್ಕೆ ಇನ್ನೂರು ಕಿಲೋಮೀಟರ್ ಆಸುಪಾಸು. ಆಂಬುಲೆನ್ಸ್ ರಾತ್ರಿಯಿಡೀ ಓಡಿ, ಚನ್ನರಾಯಪಟ್ಟಣ ದಾಟಿ, ಬೆಳಗಾಗುವ ಹೊತ್ತಿಗೆ ಊರು ಸೇರುತ್ತದೆ. ಹೂಳುವುದೋ ಸುಡುವುದೋ ಮುಗಿಯುತ್ತದೆ, ಹಾಲುತುಪ್ಪ, ತಿಥಿ ಆಗುತ್ತದೆ. ಎಲ್ಲರೂ ಮುಗಿಯಿತು ಎಂದುಕೊಳ್ಳುತ್ತಾರೆ. ಉಳಿದ ಅರ್ಧ ಆಗ ಶುರುವಾಗುತ್ತದೆ.

ಆ ಅರ್ಧದ ಗಂಟು ಇರುವುದು ಮರಣ ಪ್ರಮಾಣಪತ್ರದಲ್ಲಿ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ಎಲ್ಲಿ ಸಂಭವಿಸಿತೋ ಅಲ್ಲಿನ ನೋಂದಣಾಧಿಕಾರಿಯೇ ಅದನ್ನು ದಾಖಲಿಸಬೇಕು. ದೋಹಾದಲ್ಲಿ ಸತ್ತವರ ಹೆಸರನ್ನು ಅರಕಲಗೂಡಿನಲ್ಲಿ ಬರೆದುಕೊಳ್ಳಲು ಬರುವುದಿಲ್ಲ. 'ನಮ್ಮಲ್ಲಿ ಆಗಿಲ್ಲ' ಎಂದು ಇಲ್ಲಿನ ನೌಕರ ಹೇಳಿದರೆ ಅದು ತಪ್ಪಲ್ಲ. ತಪ್ಪು ಆಗುವುದು ಮುಂದಿನ ಹೆಜ್ಜೆಯಲ್ಲಿ. ಅದೇ ಕಾಯ್ದೆಯ 20ನೇ ಕಲಂ ಹೇಳುತ್ತದೆ: ಪೌರತ್ವ ಕಾಯ್ದೆಯಡಿ ಕಾನ್ಸುಲೇಟ್‌ಗಳಿಗಾಗಿ ಮಾಡಿದ ನಿಯಮಗಳ ಪ್ರಕಾರ ಹೊರದೇಶದಲ್ಲಿ ಬರೆದುಕೊಂಡ ಭಾರತೀಯರ ಜನನ ಮರಣಗಳನ್ನು ರಿಜಿಸ್ಟ್ರಾರ್ ಜನರಲ್ ನೋಂದಾಯಿಸಿಕೊಳ್ಳಬೇಕು, ಹಾಗಾದ ನೋಂದಣಿಯನ್ನು ಈ ಕಾಯ್ದೆಯಡಿಯೇ ಸರಿಯಾಗಿ ನಡೆದ ನೋಂದಣಿ ಎಂದು ತಿಳಿಯಬೇಕು. ಆ ನಿಯಮಗಳು 1956ರಿಂದಲೇ ಇವೆ. ಎಂದರೆ, ಭಾರತೀಯ ಪ್ರಜೆಯೊಬ್ಬರ ಸಾವನ್ನು ನಮ್ಮ ರಾಯಭಾರ ಕಚೇರಿಯಲ್ಲಿ ನೋಂದಾಯಿಸಿ ಪಡೆದ ಪ್ರಮಾಣಪತ್ರಕ್ಕೆ ಹಾಸನ ನಗರದ ನೋಂದಣಿಯಷ್ಟೇ ತೂಕ ಕೊಡುವುದು ಕಾನೂನಿನ ಉದ್ದೇಶ. ಆದರೆ ನಮ್ಮ ಕಚೇರಿಗಳು ಕಂಡು ಅಭ್ಯಾಸವಿರುವುದು 'ಇ-ಜನ್ಮ' ತಂತ್ರಾಂಶದಿಂದ ಬಂದ, ನೋಂದಣಿ ಸಂಖ್ಯೆಯಿರುವ ಹಾಳೆಯನ್ನು. ರಾಯಭಾರ ಕಚೇರಿಯ ಕಾಗದಕ್ಕೆ ಆ ಸಂಖ್ಯೆ ಇರುವುದಿಲ್ಲ. ಅರಬಿಯಲ್ಲಿ ಬರೆದ ಮೂಲ ಪತ್ರವಂತೂ ಯಾರಿಗೂ ಓದಲು ಬಾರದು. ಸತ್ತವರು ಅಮೆರಿಕದ್ದೋ ಬ್ರಿಟನ್ನಿನದೋ ಪೌರತ್ವ ಪಡೆದಿದ್ದರೆ ಕಥೆ ಇನ್ನೂ ಬೇರೆ. ಅವರ ಸಾವನ್ನು ನಮ್ಮ ರಾಯಭಾರ ಕಚೇರಿ ನೋಂದಾಯಿಸುವುದಿಲ್ಲ. ಅಲ್ಲಿನ ಸರ್ಕಾರದ ಪ್ರಮಾಣಪತ್ರಕ್ಕೆ ಅಲ್ಲೇ ಅಪೊಸ್ಟಿಲ್ ಮುದ್ರೆ ಹಾಕಿಸಿ ತರಬೇಕು. ಒಂದು ದೇಶದ ಆ ಮುದ್ರೆಯನ್ನು ಇನ್ನೊಂದು ದೇಶ ಒಪ್ಪುವ ಅಂತರರಾಷ್ಟ್ರೀಯ ಒಪ್ಪಂದ ಭಾರತಕ್ಕೆ 2005ರ ಜುಲೈ 14ರಿಂದ ಅನ್ವಯಿಸಿದೆ. ಹೋಬಳಿ ಕಚೇರಿಯಲ್ಲಿ ಅಪೊಸ್ಟಿಲ್ ಎಂಬ ಪದವನ್ನು ಕೇಳಿರದ ನೌಕರರನ್ನು ದೂರಿ ಫಲವಿಲ್ಲ, ಅವರಿಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ.

ಈ ಒಂದು ಹಾಳೆಯ ಮೇಲೆ ಏನೇನು ನಿಂತಿದೆ ನೋಡಿ. ಮರಣ ಪ್ರಮಾಣಪತ್ರ ಒಪ್ಪಿತವಾಗದೆ ವಂಶವೃಕ್ಷ ಸಿಗದು. ವಂಶವೃಕ್ಷವಿಲ್ಲದೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಆಗದು. ಪಹಣಿ ಸತ್ತವರ ಹೆಸರಿನಲ್ಲೇ ಉಳಿದರೆ ನುಗ್ಗೇಹಳ್ಳಿಯ ತೆಂಗಿನ ತೋಟಕ್ಕೆ ಸೊಸೈಟಿ ಸಾಲವಿಲ್ಲ, ರಾಮನಾಥಪುರದ ಹೊಗೆಸೊಪ್ಪಿನ ಹೊಲಕ್ಕೆ ಬೆಳೆ ಪರಿಹಾರವಿಲ್ಲ, ಅಣ್ಣತಮ್ಮಂದಿರ ಭಾಗ ಕಾಗದಕ್ಕೆ ಇಳಿಯುವುದಿಲ್ಲ. ಉತ್ತರಾಧಿಕಾರದಿಂದ ಬಂದ ಹಕ್ಕನ್ನು ಮೂರು ತಿಂಗಳೊಳಗೆ ವರದಿ ಮಾಡಬೇಕೆಂದು ಕರ್ನಾಟಕ ಭೂಕಂದಾಯ ಕಾಯ್ದೆ ಹೇಳುತ್ತದೆ; ಪರದೇಶದ ಕಾಗದ ಕೈಸೇರುವಷ್ಟರಲ್ಲೇ ಆ ಮೂರು ತಿಂಗಳು ಸವೆದಿರುತ್ತದೆ. ಬ್ಯಾಂಕಿನ ಠೇವಣಿ, ಎಲ್‌ಐಸಿ, ಭವಿಷ್ಯನಿಧಿ, ವಿಧವಾ ವೇತನ ಎಲ್ಲವೂ ಅದೇ ಹಾಳೆಯನ್ನು ಕೇಳುತ್ತವೆ. ಕೆಲಸಕ್ಕೆಂದು, ವಲಸೆ ಅನುಮತಿ ಬೇಕಾದ ಇಸಿಆರ್ ಪಾಸ್‌ಪೋರ್ಟಿನಲ್ಲಿ ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಅಪಘಾತದಲ್ಲಿ ಸತ್ತರೆ 10 ಲಕ್ಷ ರೂಪಾಯಿ. ಎರಡು ವರ್ಷಕ್ಕೆ 275 ರೂಪಾಯಿ ಕಂತು ಕಟ್ಟಿಸಿಕೊಂಡ ಪಾಲಿಸಿಯೊಂದು ಇದೆ ಎಂಬುದೇ ಹೆಂಡತಿಗೆ ಗೊತ್ತಿರದಿದ್ದರೆ ಆ ಹಣ ಕೇಳುವವರು ಯಾರು? ಗೊತ್ತಿದ್ದವರೂ ಉತ್ತರಾಧಿಕಾರ ಪ್ರಮಾಣಪತ್ರಕ್ಕೆ ಕೋರ್ಟು ಅಲೆಯುವುದುಂಟು, ಕಂದಾಯ ಕಚೇರಿಯಲ್ಲಿ ಮುಗಿಯಬೇಕಾದ್ದು ಅಲ್ಲಿ ಮುಗಿಯದ ಕಾರಣಕ್ಕೆ. ಸತ್ತವರ ಹೆಸರಿನಲ್ಲಿರುವ ಪಹಣಿಗಳನ್ನು ವಾರಸುದಾರರ ಹೆಸರಿಗೆ ಮಾಡಲು ಕಂದಾಯ ಇಲಾಖೆ 2025ರಲ್ಲಿ ಇ-ಪೌತಿ ಆಂದೋಲನವನ್ನೇ ಹೂಡಿತು. ಊರಿನಲ್ಲೇ ಸತ್ತವರ ಪಾಡು ಇದಾದರೆ ಮಸ್ಕತ್ತಿನಲ್ಲೋ ಡಲ್ಲಾಸ್‌ನಲ್ಲೋ ಸತ್ತವರದನ್ನು ಬೇರೆ ಹೇಳಬೇಕಿಲ್ಲ.

ನಮ್ಮ ಧರ್ಮಶಾಸ್ತ್ರಗಳು ಈ ಪ್ರಶ್ನೆಯನ್ನು ಸರ್ಕಾರಕ್ಕಿಂತ ಬಹಳ ಮೊದಲೇ ಎದುರಿಸಿದ್ದವು. ದೇಶಾಂತರದಲ್ಲಿ ಸತ್ತವರ ಸೂತಕವನ್ನು ಸತ್ತ ದಿನದಿಂದ ಎಣಿಸಬೇಕೋ ಸುದ್ದಿ ಕಿವಿಗೆ ಬಿದ್ದ ದಿನದಿಂದಲೋ ಎಂದು ಬಿಡಿಸಿ ಬರೆದವು. ದೇಹವೇ ಸಿಗದಿದ್ದರೆ ದರ್ಭೆ, ಮುತ್ತುಗದ ಎಲೆಗಳಲ್ಲಿ ಆಕೃತಿ ಮಾಡಿ ದಹಿಸುವ ವಿಧಿಯನ್ನೂ ಕೊಟ್ಟವು. ಇಂದಿಗೂ ಪೆಟ್ಟಿಗೆ ಇಪ್ಪತ್ತನೇ ದಿನಕ್ಕೆ ಬಂದರೆ ಊರ ಹಿರಿಯರು, ಪುರೋಹಿತರು, ಮಠದವರು, ಜಮಾತಿನವರು ಕೂತು ಒಂದು ದಾರಿ ಮಾಡುತ್ತಾರೆ. ಅಲ್ಲೇ ದಹನವಾಗಿ ಬೂದಿ ಮಾತ್ರ ಬಂದರೆ ಹೇಮಾವತಿಯಲ್ಲೋ ರಾಮನಾಥಪುರದ ಕಾವೇರಿಯಲ್ಲೋ ಬಿಡುತ್ತಾರೆ. ಯಾರೂ ಅದನ್ನು ಕಡಿಮೆ ಎನ್ನುವುದಿಲ್ಲ. ದೂರದ ಸಾವನ್ನು ಹತ್ತಿರದ ಸಾವಿನಷ್ಟೇ ನಿಜವೆಂದು ಸಮಾಜ ಒಪ್ಪಿದೆ. ಕಂದಾಯ ಕಚೇರಿ ಒಪ್ಪಬೇಕಾಗಿದೆ.

ಹಾಗಾಗಿ ಬೇಕಾದ್ದು ಇಷ್ಟು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಹೆಸರು, ಫೋನ್ ನಂಬರ್ ಗೊತ್ತಿರುವ ಒಬ್ಬ ಅಧಿಕಾರಿ. ಪರದೇಶದಿಂದ ಸಾವಿನ ಸುದ್ದಿ ಬಂದ ದಿನವೇ ಅವರಲ್ಲಿ ಒಂದು ಕಡತ ತೆರೆಯಬೇಕು. ಆ ಕಡತ ಪೌತಿ ಖಾತೆಯ ಆದೇಶ ಬರುವವರೆಗೆ ಮುಚ್ಚಬಾರದು. ವಾರಸುದಾರರ ದೃಢೀಕರಣ ಪತ್ರವನ್ನು ಇಂಥ ಪ್ರಕರಣಗಳಲ್ಲಿ ಒಂದೆರಡು ದಿನದಲ್ಲಿ ಕೊಡುವಂತೆ ತಹಶೀಲ್ದಾರರಿಗೆ ಸೂಚನೆ ಹೋಗಬೇಕು. ರಾಯಭಾರ ಕಚೇರಿಯ ಮರಣ ಪ್ರಮಾಣಪತ್ರವನ್ನೂ ಅಪೊಸ್ಟಿಲ್ ಆದ ವಿದೇಶಿ ಪ್ರಮಾಣಪತ್ರವನ್ನೂ ವಂಶವೃಕ್ಷಕ್ಕೆ ಸ್ವೀಕರಿಸಬೇಕೆಂದು ಎಲ್ಲ ನಾಡಕಚೇರಿಗಳಿಗೆ ಎರಡು ಪುಟದ ಸುತ್ತೋಲೆ, ಕನ್ನಡದಲ್ಲಿ, ಮಾದರಿ ಕಾಗದಗಳ ಚಿತ್ರದೊಂದಿಗೆ ಹೋಗಬೇಕು. 2022ರಲ್ಲಿ ಉಕ್ರೇನಿನಿಂದ ವಿದ್ಯಾರ್ಥಿಗಳನ್ನು ಕರೆತರುವಾಗ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಆಯುಕ್ತರನ್ನು ನೋಡಲ್ ಅಧಿಕಾರಿ ಮಾಡಿದ್ದು ಇದೇ ಮಾದರಿ. ಅಂದು ಯುದ್ಧಕ್ಕೆಂದು ಮಾಡಿದ್ದನ್ನು ದಿನನಿತ್ಯದ ಸಾವಿಗೆ ಮಾಡಿ ಎಂದಷ್ಟೇ ಕೇಳುತ್ತಿರುವುದು. ಕೇರಳ 1996ರಲ್ಲೇ ಹೊರನಾಡಿಗರಿಗೆಂದು 'ನೋರ್ಕಾ' ಇಲಾಖೆ ತೆರೆಯಿತು. ದೇಹ ಬಂದ ವಿಮಾನ ನಿಲ್ದಾಣದಿಂದ ಮನೆವರೆಗೆ ಆಂಬುಲೆನ್ಸನ್ನೂ ಅಲ್ಲಿ ಉಚಿತವಾಗಿ ಕೊಡುತ್ತಾರೆ. ತೆಲಂಗಾಣ ಕೊಲ್ಲಿಯಲ್ಲಿ ಸತ್ತ ಕಾರ್ಮಿಕರ ಕುಟುಂಬಕ್ಕೆ 5 ಲಕ್ಷ ರೂಪಾಯಿ ಕೊಡಲು 2024ರಲ್ಲಿ ಆದೇಶ ಮಾಡಿತು. ಕರ್ನಾಟಕದಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ, ಮುಖ್ಯಮಂತ್ರಿಗಳೇ ಅದರ ಅಧ್ಯಕ್ಷರು, ಅದು ಬೆಂಗಳೂರಿನಲ್ಲಿದೆ. ಕಾಗದ ಹುಟ್ಟುವುದು ಹೋಬಳಿಯಲ್ಲಿ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಮೋಸದ ಭಯ. ಜಮೀನಿನ ಬೆಲೆ ಏರಿರುವ ಕಾಲದಲ್ಲಿ ಬದುಕಿರುವವರನ್ನೇ ಸತ್ತರೆಂದು ತೋರಿಸಿ ಖಾತೆ ಮಾಡಿಸಿಕೊಳ್ಳುವವರಿದ್ದಾರೆ. ಪರದೇಶದ ಕಾಗದವನ್ನು ಸುಲಭವಾಗಿ ಒಪ್ಪಿದರೆ ಅಂಥವರಿಗೆ ದಾರಿ ಸಲೀಸಾಗದೇ ಎಂದು ಕಂದಾಯ ನೌಕರರು ಕೇಳಿದರೆ ಅದು ಸರಿಯಾದ ಪ್ರಶ್ನೆ. ತಪ್ಪು ಸಹಿಗೆ ಕೊನೆಗೆ ಅಮಾನತಾಗುವವರು ಅವರೇ. ಆದರೆ ಒಬ್ಬ ಅಧಿಕಾರಿ ಇರಬೇಕೆನ್ನುವುದಕ್ಕೆ ಇದೇ ಬಲವಾದ ಕಾರಣ. ಗ್ರಾಮ ಆಡಳಿತಾಧಿಕಾರಿ ಅಬುಧಾಬಿಗೆ ಬರೆದು ಪರಿಶೀಲಿಸಲಾರರು. ಜಿಲ್ಲಾಧಿಕಾರಿ ಕಚೇರಿ ಬರೆದರೆ ರಾಯಭಾರ ಕಚೇರಿ ಉತ್ತರಿಸುತ್ತದೆ. ಮಹಜರು, ಆಕ್ಷೇಪಣೆಯ ನೋಟಿಸು ಮೊದಲಿನಂತೆಯೇ ಇರುತ್ತವೆ. ನಾನು ಅವನ್ನು ಸಡಿಲಿಸಿ ಎನ್ನುತ್ತಿಲ್ಲ. ಪರಿಶೀಲಿಸುವುದು ಬೇರೆ, ಕಾಗದವನ್ನು ಮೇಜಿನಿಂದ ಹಿಂದಕ್ಕೆ ತಳ್ಳುವುದು ಬೇರೆ.

ಹಾಸನದಲ್ಲಿ ವರ್ಷಕ್ಕೆ ಇಂಥ ಸಾವು ಎಷ್ಟಾಗುತ್ತವೆ, ಇದೇನು ಕೇರಳದ ಮಲಪ್ಪುರವೇ ಎಂಬ ಮಾತೂ ಬರುತ್ತದೆ. ಕಡಿಮೆ ಎಂಬುದನ್ನು ಒಪ್ಪೋಣ. ದಿನವೂ ಬರುವ ಕೆಲಸವನ್ನು ನೌಕರರು ತಾವಾಗಿ ಕಲಿಯುತ್ತಾರೆ. ಸೇವಾವಧಿಯಲ್ಲಿ ಒಮ್ಮೆ ಬರುವ ಕೆಲಸವನ್ನು ಪ್ರತಿ ಬಾರಿಯೂ ಮೊದಲಿನಿಂದ ಕಲಿಯಬೇಕು, ಕಲಿಕೆಯ ಖರ್ಚನ್ನು ಸೂತಕದ ಮನೆ ಕೊಡಬೇಕು. ಎಂಟು ತಾಲ್ಲೂಕುಗಳ ಅಪರೂಪದ ಪ್ರಕರಣಗಳು ಒಂದು ಮೇಜಿಗೆ ಬಂದರೆ ಆ ಮೇಜಿಗೆ ಒಂದೇ ವರ್ಷದಲ್ಲಿ ರೂಢಿಯಾಗುತ್ತದೆ. ಇನ್ನು, ಡಾಲರಿನಲ್ಲಿ ದುಡಿದವರಿಗೆ ಜಿಲ್ಲಾಡಳಿತ ಏಕೆ ಸವಲತ್ತು ಕೊಡಬೇಕು ಎಂಬ ಕೊಂಕು. ಇಲ್ಲಿ ಹಣದ ಮಾತೇ ಇಲ್ಲ. ಡಾಲರಿನಲ್ಲಿ ದುಡಿದವರು ಸತ್ತಿದ್ದಾರೆ; ನಾಡಕಚೇರಿಯ ಬೆಂಚಿನ ಮೇಲೆ ಕುಳಿತಿರುವವರು ಊರಲ್ಲೇ ಉಳಿದ ಎಪ್ಪತ್ತು ದಾಟಿದ ತಂದೆತಾಯಿ. ಕೊಲ್ಲಿಯ ಕಾರ್ಮಿಕರ, ಹಕ್ಕಿಪಿಕ್ಕಿ ಜನರ ವಿಷಯದಲ್ಲಿ ಈ ಕೊಂಕಿಗೆ ಅರ್ಥವೂ ಇಲ್ಲ.

ಆಡಳಿತ ತನ್ನ ಪಾಲು ಮಾಡುವವರೆಗೆ ಕುಟುಂಬಗಳು ಮಾಡಿಕೊಳ್ಳಬಹುದಾದ್ದೂ ಇದೆ, ಮುಖ್ಯವಾಗಿ ಒಂದು. ದೇಹ ತರುವ ಆತುರದಲ್ಲಿ ನಿರಾಕ್ಷೇಪಣಾ ಪತ್ರ ಸಿಕ್ಕೊಡನೆ ಹೊರಟುಬಿಡಬೇಡಿ. ಅದು ದೇಹದ ಪ್ರಯಾಣಕ್ಕೆ ಮಾತ್ರ. ಸತ್ತವರು ಭಾರತದ ಪ್ರಜೆಯಾಗಿದ್ದರೆ ಸಾವನ್ನು ರಾಯಭಾರ ಕಚೇರಿಯಲ್ಲಿ ನೋಂದಾಯಿಸಿ ಮರಣ ಪ್ರಮಾಣಪತ್ರವನ್ನೇ ಕೇಳಿ ಪಡೆಯಿರಿ. ಅಲ್ಲಿನ ಸರ್ಕಾರದ ಪತ್ರದ ಅಧಿಕೃತ ಪ್ರತಿಗಳನ್ನು ಒಂದಲ್ಲ, ಎಂಟು ಹತ್ತು ತೆಗೆದುಕೊಳ್ಳಿ, ಆ ದೇಶ ಅಪೊಸ್ಟಿಲ್ ಒಪ್ಪಂದದಲ್ಲಿದ್ದರೆ ಆ ಮುದ್ರೆಯನ್ನು ಅಲ್ಲೇ ಹಾಕಿಸಿ. ಇಲ್ಲಿಗೆ ಬಂದ ಮೇಲೆ ಅದು ಆಗದ ಕೆಲಸ. ಹೊರಡುವ ಮೊದಲೇ ಪಾಸ್‌ಪೋರ್ಟು, ವೀಸಾ, ವಿಮೆ, ಕೆಲಸದ ಒಪ್ಪಂದಗಳ ಪ್ರತಿ ಮನೆಯ ಬೀರುವಿನಲ್ಲಿರಲಿ. ಬಾಣಂತನಕ್ಕೆ ಹೋಗುವ ಅಮ್ಮನ ಪ್ರಯಾಣ ವಿಮೆಯಲ್ಲಿ ದೇಹ ತರುವ ಖರ್ಚು ಸೇರಿದೆಯೇ ಎಂದು ಮಕ್ಕಳು ಓದಿ ನೋಡಲಿ, ಕೆಡುಕು ಬಾಯಲ್ಲಿ ಬರಬಾರದು ಎಂಬ ಹಿಂಜರಿಕೆಯನ್ನು ಬಿಟ್ಟು.

ಉಳಿದದ್ದು ಹಾಸನದ ಜಿಲ್ಲಾಡಳಿತದ ಕೈಯಲ್ಲಿದೆ. ನೋಡಲ್ ಅಧಿಕಾರಿಯ ನೇಮಕಕ್ಕೂ ನಾಡಕಚೇರಿಗಳ ಸುತ್ತೋಲೆಗೂ ಜಿಲ್ಲಾಧಿಕಾರಿಯವರ ಒಂದು ಸಹಿ ಸಾಕು, ವಿಧಾನಸಭೆ ಸೇರಬೇಕಾಗಿಲ್ಲ. ಆ ಸುತ್ತೋಲೆಗೆ ಆಧಾರವಾಗುವ 20ನೇ ಕಲಂ 1969ರಿಂದಲೂ ಪುಸ್ತಕದಲ್ಲಿದೆ.